ಮೂರು ಬಾಯಿ

ಹಲ್ ಊರಲ್ಲಿ ಫೋನ್ ಗೂಡುಗಳು ಕೆಂಪಲ್ಲ.
ಇಂಗ್ಲೆಂಡಿಗೆಲ್ಲ ಒಂದು ಬಣ್ಣವಾದರೆ ಇಲ್ಲಿ ಕೆನೆಬಣ್ಣ,
ಆರಿದ ಹಾಲಿನ ಮೇಲೆ ಕಟ್ಟುತ್ತದಲ್ಲ, ಅದು.
ಅಣ್ಣ ಇಂದುಧರ ಹೇಳಿಕೊಟ್ಟಿದ್ದ:
ಗೂಡು ಕೆಂಪಗಿದ್ದರೆ ಕನಸು, ಏಳು.
ಕೆನೆಯಾಗಿದ್ದರೆ ಎಚ್ಚರ, ಏನೂ ಮಾಡುವ ಹಾಗಿಲ್ಲ.

ತೊಂಬತ್ತಾರರ ಚಳಿಗಾಲ. ಅಪ್ಪನಿಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿ.
ಸ್ಪ್ರಿಂಗ್ ಬ್ಯಾಂಕ್ ರಸ್ತೆಯ ಅಂಗಡಿಯ ಟ್ರೆವರ್ ಕೊಟ್ಟ ಕ್ಯಾಸೆಟ್ಟು
ನಕಲಿನ ನಕಲಿನ ನಕಲು.
ಜಪಾನಿನ ಕಾರ್ಟೂನು ತಾನೆ ಎಂದು ಅಮ್ಮ
ತಲೆ ಕೆಡಿಸಿಕೊಳ್ಳಲಿಲ್ಲ. ಮಕ್ಕಳದ್ದಲ್ವೇ, ನೋಡಲಿ.

ಅದರಲ್ಲೊಬ್ಬಳು ಹುಡುಗಿ ಏಳುತ್ತಾಳೆ.
ಮುಖ ತೊಳೆದು, ಲಂಗ ತೊಟ್ಟು, ರೈಲು ಹತ್ತಿ,
ಎದುರು ಸೀಟಿನ ಮೇಲೆ ತನ್ನದೇ ಹಾಸಿಗೆ ಹಾಸಿರುವುದ ಕಂಡು
ಏಳುತ್ತಾಳೆ.
ಮುಖ ತೊಳೆದು, ಲಂಗ ತೊಟ್ಟು.
ಈ ಸಲ ಬೇಸಿನ್ನಿನ ನೀರು ಕೆಳಗಿಳಿಯುವುದಿಲ್ಲ.

ಅಣ್ಣ ರಿಮೋಟು ಒತ್ತಿ ನಿಲ್ಲಿಸಿದ.
ಗೀರು ಗೀರು ಮಂಜಿನ ನಡುವೆ ಬೆರಳಿಟ್ಟು ತೋರಿಸಿದ:
ನೋಡು, ಇವರಿಗೆಲ್ಲ ಮೂರೇ ಬಾಯಿ.
ಮುಚ್ಚಿದ್ದು. ಅರೆ ತೆರೆದದ್ದು. ತೆರೆದದ್ದು.
ಮುಖ ಒಂದು ಹಾಳೆ, ಬಾಯಿ ಇನ್ನೊಂದು ಹಾಳೆ.
ಕಾಸು ಉಳಿಸಲು ಮುಖವನ್ನು ಅಲುಗಿಸುವುದೇ ಇಲ್ಲ.
ಹೆದರಬೇಕಾದ್ದು ಬಾಯಿಗಲ್ಲ, ಪೆದ್ದಿ,
ಅಲುಗದೆ ನಿಂತ ಕೆನ್ನೆಗೆ.

ಮೇಲೆ ಇಂಗ್ಲಿಷಿನ ದನಿ ಅಂಟಿಸಿದ್ದರು.
ಬಾಯಿ ಮುಚ್ಚಿದ ಮೇಲೂ ಮಾತು ಉಳಿಯುತ್ತಿತ್ತು,
ಉಂಡೆದ್ದವರ ಹಿಂದೆ ಎಂಜಲೆಲೆ ಉಳಿದ ಹಾಗೆ.

ಭಾನುವಾರ ದಾವಣಗೆರೆಯಿಂದ ಅಜ್ಜಿಯ ಫೋನು.
ಊಟ ಆಯ್ತಾ ಎಂದೆ. ಒಂದು ಸೆಕೆಂಡು ತಡೆದು
ಕಡಲಾಚೆಯಿಂದ ನನ್ನದೇ ದನಿ: ಊಟ ಆಯ್ತಾ?
ಆಯ್ತು ಎಂದುಬಿಟ್ಟೆ, ನನಗೆ ನಾನೇ.
ಆಮೇಲೆ ಅಜ್ಜಿ ಏನಂದಳೋ, ಕೇಳಿಸಿಕೊಂಡಿಲ್ಲ.

ಆ ವಾರವೇ ಅಣ್ಣ ನನ್ನ ಮಂಚದ ಕಾಲ್ದೆಸೆಯಲ್ಲಿ ನಿಂತದ್ದು.
ಬೀದಿದೀಪದ ಕಿತ್ತಳೆ ಬೆಳಕು ಅರ್ಧ ಮುಖಕ್ಕೆ.
ಮಗ್ಗಿ ಹೇಳುತ್ತಿದ್ದ, ಹದಿಮೂರರದ್ದು,
ಕನ್ನಡದಲ್ಲಿ. ಅವನಿಗೆ ಕನ್ನಡದ ಮಗ್ಗಿ ಬಾರದು.
ಬಾಯಿ ಮಾತ್ರ ಮೊದಲನೆಯದು.
ಮುಚ್ಚಿದ್ದು.

ಅಮ್ಮ ದೃಷ್ಟಿ ತೆಗೆದಳು. ಕಲ್ಲುಪ್ಪು, ಒಣಮೆಣಸಿನಕಾಯಿ,
ಕೆಂಪಗೆ ಕಾದ ಕಾವಲಿ. ಮೂಗು ಹಿಡಿದು ಕಾದೆವು.
ಘಾಟು ಬರಲೇ ಇಲ್ಲ.
ಛಾವಣಿಯ ಹೊಗೆಗಂಟೆ ಮಾತ್ರ ಒಂದೇ ಸಮ ಕೂಗಿ
ಪಕ್ಕದ ಮಿಸೆಸ್ ಬ್ಲೆಂಕಿನ್ ಗೋಡೆ ಬಡಿದಳು.

ಈಗ ಇಂದುಧರನಿಗೆ ನಲವತ್ತಮೂರು. ಲೀಡ್ಸಿನಲ್ಲಿ
ಹಲ್ಲಿನ ಡಾಕ್ಟರು. ದಿನಕ್ಕೆ ಇಪ್ಪತ್ತು ಬಾಯಿ ನೋಡುತ್ತಾನೆ.
ಮೊನ್ನೆ ಕೇಳಿದೆ, ಆ ಕ್ಯಾಸೆಟ್ಟು ನೆನಪಿದೆಯಾ?
ಯಾವುದು? ಆ ಚಳಿಗಾಲ ನಮ್ಮನೆಯಲ್ಲಿ ಟೀವಿಯೇ ಇರಲಿಲ್ಲವಲ್ಲೇ,
ನನ್ನ ಪರೀಕ್ಷೆ ಅಂತ ಅಪ್ಪ ಅಟ್ಟಕ್ಕೆ ಹಾಕಿರಲಿಲ್ವಾ?
ಮತ್ತೆ ಆ ಮಗ್ಗಿ?
ನಕ್ಕ.
ನಗು ನಿಂತ ಮೇಲೂ ಫೋನಿನಲ್ಲಿ ಸ್ವಲ್ಪ ನಗು ಇತ್ತು.

ಹಲ್‌ಗೆ ಹೋದೆ, ಯಾರಿಗೂ ಹೇಳದೆ.
ಗೂಡು ಅದೇ ತಿರುವಿನಲ್ಲಿದೆ. ಒಳಗೆ ಫೋನಿಲ್ಲ,
ಒದ್ದೆ ಚಿಪ್ಸ್ ಪೊಟ್ಟಣ, ಯಾರದೋ ಒಂದೇ ಕೈಗವಸು.
ಕೆನೆಬಣ್ಣ. ಉಸಿರು ಬಿಟ್ಟೆ.
ಬಾಗಿಲಂಚಲ್ಲಿ ಬಣ್ಣ ಎದ್ದಿತ್ತು, ಉಗುರಿನಿಂದ ಕೆರೆದೆ.
ಅಡಿಯಲ್ಲಿ ಕೆಂಪು.
ಕೆಂಪಿನಡಿ ಏನಿದೆಯೋ, ಕೆರೆಯುತ್ತಲೇ ಇದ್ದೇನೆ.
ಗಾಜಿನಲ್ಲಿ ನನ್ನ ಬಾಯಿ ಮುಚ್ಚಿದೆ.
ಮಗ್ಗಿ ಆಗಲೇ ಬಂದಿದೆ
ಹದಿಮೂರೇಳಲೆ ತೊಂಬತ್ತೊಂದಕ್ಕೆ.